ತಲಪಾಡಿಯಿಂದ ಬೇಳಕ್ಕೆ: ಒಂದು ಹರಕೆಯ ದಾರಿ

2025ರ ಸೆಪ್ಟೆಂಬರಿನಲ್ಲಿ, ಮೊಂತಿ ಹಬ್ಬದ ವಾರದ ಶನಿವಾರ, ನಾವು ಮನೆಮಂದಿಯೆಲ್ಲ ಬೇಳದ ಶೋಕಮಾತಾ ಇಗರ್ಜಿಗೆ ಹೋಗಿಬಂದೆವು. ದೂರದ ಯಾತ್ರೆಯೇನೂ ಅಲ್ಲ. ನಮ್ಮ ಮನೆ ಮಂಜೇಶ್ವರದ ಬಳಿ, ಬೇಳ ಇರುವುದು ಕುಂಬಳೆಯಿಂದ ಒಳಗೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಆದರೆ ಈ ದಾರಿಯನ್ನು ಮುಗಿಸಲು ನಮಗೆ ಐದು ವರ್ಷ ಹಿಡಿಯಿತು. ಅದು ಯಾಕೆಂದು ಹೇಳುವುದಕ್ಕಾಗಿಯೇ ಈ ಬರಹ.

ಇದನ್ನು ನಾವು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತು ಬರೆದಿದ್ದೇವೆ. ಓದುವವರಿಗೆ ಗೊಂದಲವಾಗದಿರಲೆಂದು ನಮ್ಮ ಬಗ್ಗೆಯೇ ‘ಗಂಡ’, ‘ಹೆಂಡತಿ’ ಎಂದು ಬರೆದುಕೊಂಡಿದ್ದೇವೆ. ಕೆಲವು ಮಾತುಗಳನ್ನು ಬರೆಯಬೇಕೋ ಬೇಡವೋ ಎಂದು ನಮ್ಮಲ್ಲಿ ಚರ್ಚೆಯಾಯಿತು. ಕೊನೆಗೆ ಬರೆಯೋಣ ಎಂದವಳು ಹೆಂಡತಿ.

ತಲಪಾಡಿ

ಬೇಳ ಇರುವುದು ತೆಂಕು ದಿಕ್ಕಿನಲ್ಲಿ. ನಾವು ಮೊದಲು ಹೋದದ್ದು ಬಡಗು ದಿಕ್ಕಿಗೆ, ತಲಪಾಡಿಗೆ. ಅಜ್ಜಿಯನ್ನು, ಅಂದರೆ ಹೆಂಡತಿಯ ತಾಯಿಯನ್ನು, ಕರೆದುಕೊಂಡು ಬರಬೇಕಿತ್ತು. ಮಂಗಳೂರಿನ ಸ್ಟೇಟ್ ಬ್ಯಾಂಕಿನಿಂದ ಬರುವ ಸಿಟಿ ಬಸ್ಸುಗಳು ತಲಪಾಡಿಯಲ್ಲಿ ತಿರುಗುತ್ತವೆ. ಅಲ್ಲಿಂದ ಮುಂದೆ ಅಂಗಡಿಗಳ ಬೋರ್ಡಿನಲ್ಲಿ ಮಲಯಾಳ ಸೇರಿಕೊಳ್ಳುತ್ತದೆ. ಅಜ್ಜಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಂತಿ ಹಬ್ಬದ ಹೊಸ ಅಕ್ಕಿಯ ಸಣ್ಣ ಕಟ್ಟು ಹಿಡಿದು ಇಳಿದರು. ಮೊಮ್ಮಗ ಓಡಿ ಹೋಗಿ ಅವರ ಸೆರಗು ಹಿಡಿದ.

ಗಡಿನಾಡಿನ ನಮಗೆ ತಲಪಾಡಿ ಒಂದು ಗಡಿ ಎಂದು ಅನಿಸಿದ್ದೇ ಇಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ರೇಷನ್ ಕಾರ್ಡು ಮಲಯಾಳವಾಯಿತು. ಆದರೆ ನಮ್ಮ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲಿಯೇ ಇವೆ. ಕಾಲೇಜು, ಮದುವೆಯ ಜವಳಿ, ದೊಡ್ಡ ಆಸ್ಪತ್ರೆ ಎಲ್ಲದಕ್ಕೂ ನಾವು ಮಂಗಳೂರಿಗೇ ಹೋಗುವವರು. ನಮ್ಮ ಮನೆಯ ಗಂಡಸಿನ ಕೆಲಸವೂ ಅಲ್ಲಿಯೇ, ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವುದು. ದಿನಕ್ಕೆರಡು ಸಲ ಗಡಿ ದಾಟುತ್ತಿದ್ದರೂ ಅದನ್ನು ಗಮನಿಸಿದವರಲ್ಲ.

2020ರ ಮಾರ್ಚಿನಲ್ಲಿ ಆ ಗಡಿ ಮುಚ್ಚಿತು. ಕೊರೊನಾ ಕಾಸರಗೋಡಿನಲ್ಲಿ ಜೋರಾಗಿತ್ತು. ತಲಪಾಡಿಯಲ್ಲಿ ತಡೆಬೇಲಿ ಬಂತು, ಒಳದಾರಿಗಳಿಗೆ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆ ಸಿಗದೆ ಗಡಿನಾಡಿನ ಕೆಲವು ರೋಗಿಗಳು ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಏಪ್ರಿಲ್ ಮೊದಲ ವಾರ ಕಳೆಯುವಾಗ ರೋಗಿಗಳನ್ನು ತಪಾಸಣೆ ಮಾಡಿ ಬಿಡುವುದೆಂದು ತೀರ್ಮಾನವಾಯಿತು. ಆಗ ನಮ್ಮ ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು.

ಸಾಧಾರಣ ಬಸಿರಾಗಿದ್ದರೆ ಇಷ್ಟು ಭಯವಿರುತ್ತಿರಲಿಲ್ಲ. ಫೆಬ್ರವರಿಯಲ್ಲಿಯೇ ಒಮ್ಮೆ ರಕ್ತ ಹೋಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬಂದಿದ್ದೆವು. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿದೆ ಎಂದು ಸ್ಕ್ಯಾನಿಂಗಿನಲ್ಲಿ ಕಂಡಿತ್ತು. ಕೆಲವರಿಗೆ ತಿಂಗಳು ತುಂಬುತ್ತ ಅದು ಮೇಲೆ ಸರಿಯುತ್ತದಂತೆ, ನಮಗೆ ಸರಿಯಲಿಲ್ಲ. “ಭಾರ ಎತ್ತಬಾರದು, ಬಗ್ಗಿ ಗುಡಿಸಬಾರದು, ಒಗೆಯಬಾರದು. ರಕ್ತ ಹೋಗುವಾಗ ನೋವು ಇರುವುದಿಲ್ಲ. ನೋವಿಲ್ಲವಲ್ಲ ಎಂದು ತಡ ಮಾಡಬೇಡಿ, ಆ ಗಳಿಗೆಯಲ್ಲೇ ಹೊರಟು ಬನ್ನಿ” ಎಂದು ಡಾಕ್ಟರಮ್ಮ ಎರಡು ಸಲ ಹೇಳಿ ಕಳುಹಿಸಿದ್ದರು.

ಅಜ್ಜಿ ಬಂದು ಮೂರು ವಾರ ಇದ್ದರು. ಮಾರ್ಚ್ ಮಧ್ಯದಲ್ಲಿ, “ನಾಲ್ಕು ದಿನದಲ್ಲಿ ಬರುತ್ತೇನೆ” ಎಂದು ಮನೆ ನೋಡಿಕೊಂಡು ಬರಲು ಹೋದವರು ಅಲ್ಲಿಯೇ ಉಳಿದರು. ಗಂಡನ ತಾಯಿ ತೀರಿಹೋಗಿ ವರ್ಷಗಳಾಗಿವೆ. ಹೀಗೆ ಐದು ವರ್ಷದ ಮಗಳು, ಮಲಗಿದ್ದ ಹೆಂಡತಿ, ಅಡಿಗೆಮನೆ, ಬಾವಿಕಟ್ಟೆ ಎಲ್ಲವೂ ಕೆಲಸ ನಿಂತು ಮನೆಯಲ್ಲಿ ಕೂತಿದ್ದ ಗಂಡನ ಪಾಲಿಗೆ ಬಂದವು.

ಮನೆಯೊಳಗೆ

ತಲಪಾಡಿಯಿಂದ ಹಿಂದಿರುಗುವಾಗ ಮಂಜೇಶ್ವರದಲ್ಲಿ ಒಂದು ಗಳಿಗೆ ಮನೆಗೆ ಬಂದು ಮೇಣದಬತ್ತಿಯ ಕಟ್ಟು ತೆಗೆದುಕೊಂಡೆವು. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಮಂಚ ಇಟ್ಟಿದ್ದು ಇಲ್ಲಿಯೇ ಅಲ್ಲವಾ?” ಎಂದು ಕೇಳಿದರು. ಹೌದು, ಅಲ್ಲಿಯೇ. ಅಡಿಗೆಮನೆಗೆ ಹೊಂದಿಕೊಂಡ ಕೋಣೆಗೆ ಮಂಚ ತಂದು ಹಾಕಿದ್ದೆವು, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸಲಿ ಎಂದು.

ಗಂಡನಿಗೆ ಗೊತ್ತಿದ್ದ ಅಡಿಗೆ ಚಹಾ ಮತ್ತು ಮೊಟ್ಟೆ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು, ಗಂಜಿಗೆ ಎಷ್ಟು ನೀರು, ನೀರುದೋಸೆಯ ಹಿಟ್ಟು ಎಷ್ಟು ತೆಳು ಎಂದು ಒಂದೊಂದನ್ನೂ ಮಂಚದಿಂದ ಕೇಳಿ ಕಲಿಯಬೇಕಾಯಿತು. “ಸಾಸಿವೆ ಸಿಡಿದ ಶಬ್ದ ನನಗೆ ಕೇಳಲಿಲ್ಲ, ಈಗಲೇ ಬೇವಿನ ಸೊಪ್ಪು ಹಾಕಬೇಡಿ” ಎಂದು ಒಳಗಿನಿಂದ ಸ್ವರ ಬರುತ್ತಿತ್ತು. ಮೊದಲ ದಿನದ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಮಗಳು ಒಂದು ತುತ್ತು ತಿಂದು, “ಪಪ್ಪಾ, ಸಮುದ್ರ!” ಎಂದಳು. ಮೀನು ಸಿಗದ ದಿನಗಳವು. ಹಿತ್ತಿಲಿನ ಗುಜ್ಜೆ, ಹಲಸಿನ ಬೀಜ, ಬಸಳೆ, ಡಬ್ಬಿಯಲ್ಲಿದ್ದ ಒಣಮೀನು, ರೇಷನ್ ಅಂಗಡಿಯಿಂದ ಬಂದ ಸರಕಾರದ ಕಿಟ್ಟು, ಇಷ್ಟರಲ್ಲಿ ಎರಡು ತಿಂಗಳು ನಡೆಯಿತು.

ಅಡಿಗೆ ಹೇಗಾದರೂ ಕಲಿಯಬಹುದು. ಕಷ್ಟವಾದದ್ದು ಉಳಿದದ್ದು. ಮಗಳ ಜಡೆ ಹಾಕಲು ಒಂದು ವಾರ ಬೇಕಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ನೀರು ಕಾಯಿಸುವುದು, ಹೆಂಡತಿಯನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವುದು, ಬೆನ್ನು ಉಜ್ಜಿ ಸ್ನಾನ ಮಾಡಿಸುವುದು, ಕಬ್ಬಿಣದ ಮಾತ್ರೆ ಕೊಡುವುದು, ಮಗು ಎಷ್ಟು ಸಲ ಒದೆಯಿತೆಂದು ಕೇಳಿ ಕ್ಯಾಲೆಂಡರಿನ ಮೇಲೆ ಬರೆಯುವುದು. ದಿನಾ ಫೋನು ಮಾಡಿ ವಿಚಾರಿಸುತ್ತಿದ್ದ ಆಶಾ ಕಾರ್ಯಕರ್ತೆಗೆ ಆ ಲೆಕ್ಕ ಒಪ್ಪಿಸಬೇಕು. ಅಂಗಡಿಯಲ್ಲಿ ಲಕ್ಷದ ಲೆಕ್ಕ ಬರೆದ ಕೈಗೆ ಈ ಲೆಕ್ಕ ಬರೆಯುವಾಗ ನಡುಕ ಬರುತ್ತಿತ್ತು.

ಬಾವಿಕಟ್ಟೆಯ ಕಲ್ಲಿನಲ್ಲಿ ಗಂಡ ಹೆಂಡತಿಯ ಬಟ್ಟೆ ಒಗೆಯುವುದನ್ನು ದಾರಿಯಲ್ಲಿ ಹೋಗುವವರು ಕಂಡರು. ಒಬ್ಬರು ನಕ್ಕು, “ಮನೆಕೆಲಸಕ್ಕೆ ಸಂಬಳ ಎಷ್ಟು?” ಎಂದು ಕೇಳಿದರು. ಗಂಡನಿಗೆ ನಾಚಿಕೆಯಾಯಿತು, ಮರುದಿನದಿಂದ ಬೆಳಕು ಹರಿಯುವ ಮೊದಲೇ ಒಗೆಯತೊಡಗಿದ. ನಾಲ್ಕು ದಿನ ಕಳೆದ ಮೇಲೆ ಹೆಂಡತಿ ಕೇಳಿದಳು: “ನನ್ನ ಬಟ್ಟೆ ಒಗೆಯುವುದು ಕತ್ತಲಲ್ಲಿ ಮಾಡುವ ಕೆಲಸವಾ?” ಅಂದಿನಿಂದ ಹಗಲಿನಲ್ಲಿಯೇ ಒಗೆದ. ನಕ್ಕವರು ಒಂದು ವಾರ ನಕ್ಕು ಸುಮ್ಮನಾದರು.

ಎಲ್ಲವೂ ಪ್ರೀತಿಯಿಂದ ನಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗರಿಗಳ ಭಾನುವಾರದ ಮುಂಚಿನ ಶುಕ್ರವಾರ ಗಂಜಿ ಉಕ್ಕಿ ಒಲೆ ಆರಿತು, ಮಗಳು ಹಾಲು ಚೆಲ್ಲಿದಳು, ಅಂಗಡಿಯಿಂದ ಸಂಬಳವಿಲ್ಲವೆಂದು ಫೋನು ಬಂತು. ಅದೇ ಹೊತ್ತಿಗೆ ಒಳಗಿನಿಂದ, “ಒಲೆಯ ಕೆಳಗೂ ಒರೆಸಿ” ಎಂಬ ಮಾತು ಬಂತು. ಗಂಡ ಸೌಟನ್ನು ನೆಲಕ್ಕೆಸೆದು, “ನಿನಗೇನು, ಮಲಗಿಕೊಂಡು ಹೇಳುವುದು ಸುಲಭ!” ಎಂದುಬಿಟ್ಟ. ಒಳಗೆ ಮಾತು ನಿಂತಿತು. ಮಧ್ಯಾಹ್ನ ಊಟಕ್ಕೆ ಕರೆದರೂ ಉತ್ತರವಿಲ್ಲ. ಸಂಜೆ ಜಪಮಾಲೆಯ ಹೊತ್ತಿಗೂ ಇಬ್ಬರೂ ಸುಮ್ಮನಿದ್ದುದನ್ನು ಕಂಡು ಮಗಳು ತಾನೇ ಮಣಿ ಹಿಡಿದು ತನಗೆ ಬಂದಷ್ಟು ಹೇಳತೊಡಗಿದಳು. ಎರಡನೇ ‘ನಮೋ ಮರಿಯ’ಕ್ಕೆ ಅವಳಿಗೆ ದಾರಿ ತಪ್ಪಿತು. ತಿದ್ದಲು ಇಬ್ಬರೂ ಒಟ್ಟಿಗೆ ಬಾಯಿ ತೆರೆದೆವು.

ಆ ರಾತ್ರಿ ಹೆಂಡತಿ ಹೇಳಿದಳು: “ಹೇಳುವುದು ಬಿಟ್ಟರೆ ನನಗೆ ಮಾಡಲಿಕ್ಕೆ ಏನು ಉಳಿದಿದೆ? ನನ್ನ ಮನೆಯಲ್ಲಿ ನಾನೇ ನೆಂಟಳ ಹಾಗೆ ಮಲಗಿದ್ದೇನೆ.” ಗಂಡನಿಗೆ ಅಲ್ಲಿಯವರೆಗೆ ಆ ನೋವು ಕಂಡಿರಲಿಲ್ಲ. ಹೊರುವವನಿಗೆ ಭಾರ ಇರುವಂತೆ, ಹೊರಿಸಿಕೊಳ್ಳುವವಳಿಗೂ ಭಾರವಿದೆ.

ಅಂದು ಇನ್ನೊಂದು ಮಾತೂ ಹೊರಬಂತು. 2018ರಲ್ಲಿ ನಮಗೆ ಮೂರು ತಿಂಗಳಿಗೇ ಒಂದು ಮಗು ಕೈತಪ್ಪಿತ್ತು. ಆ ವಾರ ಪಂಪು ಕೆಟ್ಟು ಹೆಂಡತಿ ಬಾವಿಯಿಂದ ಕೊಡಗಟ್ಟಲೆ ನೀರು ಸೇದಿದ್ದಳು. ನೀರು ಹೊತ್ತದ್ದರಿಂದ ಹಾಗಾಗುವುದಿಲ್ಲ ಎಂದು ಡಾಕ್ಟರರು ಅಂದೇ ಸ್ಪಷ್ಟವಾಗಿ ಹೇಳಿದ್ದರು. ನಮ್ಮ ನಡುವೆ ಉಳಿದದ್ದು ಬೇರೆ ವಿಷಯ. ಸುಸ್ತಾಗುತ್ತದೆ ಎಂದಾಗ ಗಂಡ ಪತ್ರಿಕೆಯಿಂದ ತಲೆ ಎತ್ತದೆ, “ಎಲ್ಲರ ಮನೆಯಲ್ಲೂ ಇದ್ದದ್ದೇ” ಎಂದಿದ್ದ. ಆ ಮಾತಿಗೆ ಎರಡು ವರ್ಷ ತಡವಾಗಿ, ಅಡಿಗೆಮನೆಯ ಪಕ್ಕದ ಆ ಕೋಣೆಯಲ್ಲಿ, ಕ್ಷಮೆ ಕೇಳಿದ್ದಾಯಿತು. ಪಾಪನಿವೇದನೆಗೆ ಇಗರ್ಜಿಯ ಬಾಗಿಲು ಮುಚ್ಚಿತ್ತು. ದೇವರು ಮನೆಯಲ್ಲೇ ಒಂದು ಬಾಗಿಲು ತೆರೆದರು ಎಂದು ನಾವು ತಿಳಿದುಕೊಂಡಿದ್ದೇವೆ.

ಕುಂಬಳೆಯ ದಾರಿ

ಮೇಣದಬತ್ತಿ ಹಿಡಿದು ಮತ್ತೆ ಹೊರಟೆವು. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಇದೆ, ಈಗ ಅದು ‘ಗಿಳಿವಿಂಡು’ ಎಂಬ ಸ್ಮಾರಕ. ಯೇಸುಸ್ವಾಮಿಯ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಕನ್ನಡಕ್ಕೆ ಕೊಟ್ಟವರು ಈ ಊರಿನ ಪೈಗಳು ಎಂದು ಮಗಳಿಗೆ ಹೇಳಿದೆವು. ಹೊಸಂಗಡಿ, ಉಪ್ಪಳ, ಬಂದ್ಯೋಡು ದಾಟಿ, ಶಿರಿಯ ಹೊಳೆಯ ಸೇತುವೆ ಕಳೆದರೆ ಆರಿಕ್ಕಾಡಿಯ ಕೋಟೆ, ಅದರಾಚೆ ಕುಂಬಳೆ. ಹೆದ್ದಾರಿ ಈಗ ಆರು ಪಥವಾಗಿದೆ, ಪ್ರಯಾಣ ಬೇಗ ಮುಗಿಯುತ್ತದೆ. ನಮ್ಮ ನೆನಪಿನಲ್ಲಿ ಉಳಿದದ್ದು ಮಾತ್ರ ಹಳೆಯ ಇಕ್ಕಟ್ಟಿನ ದಾರಿ.

2020ರ ಏಪ್ರಿಲ್ 12 ಪಾಸ್ಖ ಹಬ್ಬ. ಟಿ.ವಿ.ಯ ಮುಂದೆ ಕೂತು ಬಲಿಪೂಜೆಯಲ್ಲಿ ಭಾಗವಹಿಸಿದೆವು. ಮರುದಿನ ರಾತ್ರಿ ಒಂದು ಗಂಟೆಗೆ ಹೆಂಡತಿ ಮೆಲ್ಲನೆ ಎಬ್ಬಿಸಿದಳು. ನೋವಿರಲಿಲ್ಲ, ಹಾಸಿಗೆ ಒದ್ದೆಯಾಗಿತ್ತು. ದೀಪ ಹಾಕಿದರೆ ಕೆಂಪು.

ಎತ್ತ ಹೋಗುವುದು? ಬಡಗಿಗೆ ಹೋದರೆ ಮಂಗಳೂರು ಹತ್ತಿರ, ಪರಿಚಯದ ಡಾಕ್ಟರಮ್ಮ ಇದ್ದಾರೆ. ರೋಗಿಗಳನ್ನು ಬಿಡುತ್ತಾರೆಂದು ಕೇಳಿದ್ದೆವು. ಆದರೆ ಗಡಿಯಲ್ಲಿ ಕಾಗದ ತೋರಿಸಿ ನಿಲ್ಲುವಷ್ಟು ಹೊತ್ತು ನಮ್ಮ ಕೈಯಲ್ಲಿ ಇದೆಯೇ? ಒಂದು ವಾರದ ಹಿಂದೆಯೇ ಇದನ್ನೆಲ್ಲ ಮಾತಾಡಿ, ಕಾಸರಗೋಡಿನ ಒಂದು ಆಸ್ಪತ್ರೆಗೆ ಫೋನು ಮಾಡಿ ಹಳೆಯ ಸ್ಕ್ಯಾನಿಂಗ್ ಕಾಗದಗಳನ್ನು ಮೊಬೈಲಿನಲ್ಲಿ ಕಳುಹಿಸಿಟ್ಟಿದ್ದೆವು. ಆಂಬುಲೆನ್ಸಿನವನಿಗೆ “ಕಾಸರಗೋಡು” ಎಂದೆವು. ಹುಟ್ಟಿದಂದಿನಿಂದ ಬಡಗಿಗೆ ಮುಖ ಮಾಡಿದ್ದವರು ಅಂದು ತೆಂಕಿಗೆ ತಿರುಗಿದೆವು.

ಆಚೆಮನೆಯ ಬ್ಯಾರಿ ಕುಟುಂಬದ ಅಕ್ಕ ನಿದ್ದೆಗಣ್ಣಿನಲ್ಲಿ ಬಂದು ಮಗಳನ್ನು ಎತ್ತಿಕೊಂಡು ಹೋದರು. ಕುಂಬಳೆಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿ, ಟಾರ್ಚು ಹಾಕಿ ನೋಡಿ, ತಕ್ಷಣ ಬಿಟ್ಟರು. ನಿಂತ ಆ ಅರ್ಧ ನಿಮಿಷದಲ್ಲಿ ಎಡಕ್ಕೆ ಬದಿಯಡ್ಕದ ಕಡೆಗೆ ಹೋಗುವ ದಾರಿ ಹೆಂಡತಿಗೆ ಕಂಡಿತು. ಸಣ್ಣವಳಿದ್ದಾಗ ಅಜ್ಜಿಯ ಜತೆ ಬೇಳಕ್ಕೆ ಹೋದದ್ದು ಇದೇ ದಾರಿಯಲ್ಲಿ. “ಶೋಕಮಾತೆಯೇ, ಈ ಮಗು ತನ್ನ ಕೈಯಾರೆ ಮೇಣದಬತ್ತಿ ಹಚ್ಚುವಷ್ಟು ದೊಡ್ಡದಾದ ದಿನ ನಿನ್ನ ಮುಂದೆ ತಂದು ನಿಲ್ಲಿಸುತ್ತೇನೆ” ಎಂದು ಹರಕೆ ಹೇಳಿಕೊಂಡಳು. ಗಂಡನಿಗೆ ಅದು ತಿಳಿದದ್ದು ತಿಂಗಳುಗಳ ನಂತರ. ಅವನಾದರೋ ಆ ಹೊತ್ತಿನಲ್ಲಿ ಪ್ರಾರ್ಥನೆಯ ಒಂದು ಮಾತೂ ಬಾಯಿಗೆ ಬಾರದೆ ಅವಳ ಕಾಲನ್ನು ಹಿಡಿದು ಕೂತಿದ್ದ.

ರಕ್ತ ನಿಂತಿತು. ಮಗುವಿನ ಶ್ವಾಸಕೋಶ ಬಲಿಯಲೆಂದು ಇಂಜೆಕ್ಷನ್ ಕೊಟ್ಟರು. ವಾರ ಕಳೆದು ಮನೆಗೆ ಬಿಟ್ಟರು, ಮೇ ತಿಂಗಳ ಮೊದಲಲ್ಲಿ ಮತ್ತೆ ಸೇರಿಸಿಕೊಂಡರು. ಮನೆಗೆ ಬಂದ ದಿನ, ಹೆಂಡತಿ ಮಲಗಿದ ಮೇಲೆ, ಗಂಡ ಆ ರಾತ್ರಿಯ ಹಾಸಿಗೆ ಬಟ್ಟೆಯನ್ನು ಬಾವಿಕಟ್ಟೆಯಲ್ಲಿ ತಣ್ಣೀರಿನಲ್ಲಿ ನೆನೆಸಿ ಒಗೆದ. ಮೂರು ಸಲ ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ. ಅಳು ಬಂದದ್ದು ಆಗ ಮಾತ್ರ.

ಮೇ 20ರಂದು ಆಪರೇಷನ್. ರಕ್ತ ಸಿದ್ಧವಿರಲಿ ಎಂದಿದ್ದರು. ರಂಜಾನಿನ ತಿಂಗಳು ನಡೆಯುತ್ತಿತ್ತು. ಹಿಂದಿನ ಸಂಜೆ ಆಚೆಮನೆಯ ಅಕ್ಕನ ಮಗ ಉಪವಾಸ ಬಿಟ್ಟು, ಹೊಟ್ಟೆ ತುಂಬ ಉಂಡು, ಬಂದು ರಕ್ತ ಕೊಟ್ಟು ಹೋದ. ಗಂಡುಮಗು ಹುಟ್ಟಿತು, ಎರಡು ಕಿಲೋ ಮುನ್ನೂರು ಗ್ರಾಂ. ಎಲ್ಲರಿಗಿಂತ ಮೊದಲು ಎತ್ತಿಕೊಂಡ ನರ್ಸು ಮಲಯಾಳದಲ್ಲಿ, “ಮೋನಾಣ್” ಎಂದಳು. ಮಗನೆಂದು ತಿಳಿಯಲು ನಮಗೆ ಭಾಷಾಂತರ ಬೇಕಾಗಲಿಲ್ಲ. ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದೆವು. ಅವರು ಮೊಮ್ಮಗನನ್ನು ಕೈಗೆತ್ತಿಕೊಂಡದ್ದು ಅವನ ನಾಲ್ಕನೇ ತಿಂಗಳಲ್ಲಿ, ಇದೇ ತಲಪಾಡಿಯ ಬಸ್‌ಸ್ಟ್ಯಾಂಡಿನಲ್ಲಿ.

ಬೇಳ

ಕುಂಬಳೆಯಲ್ಲಿ ಎಡಕ್ಕೆ ತಿರುಗಿದೆವು. ದಾರಿಯಲ್ಲಿ ಅನಂತಪುರದ ಕೆರೆ ದೇವಸ್ಥಾನದ ಕೈಕಂಬ ಕಂಡಾಗ ಮಗ ಮೊಸಳೆಯ ಬಗ್ಗೆ ಕೇಳಿದ. ಅನ್ನದ ನೈವೇದ್ಯ ತಿನ್ನುತ್ತಿದ್ದ ಬಬಿಯಾ ಎಂಬ ಮೊಸಳೆ 2022ರಲ್ಲಿ ಸತ್ತುಹೋಯಿತು, ಈಗ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿದೆ ಎಂದು ಅಜ್ಜಿ ಕಥೆ ಹೇಳಿದರು. ಸೀತಾಂಗೋಳಿಯ ಕೆಂಪು ಮುರಕಲ್ಲಿನ ಗುಡ್ಡ, ಅಡಿಕೆ ತೋಟ, ಗೇರುಮರ. ಬಿಟ್ಟು ಬಿಟ್ಟು ಮಳೆ.

ಬೇಳದ ಇಗರ್ಜಿ ಕಾಸರಗೋಡು ಸೀಮೆಯ ಹಳೆಯ ಇಗರ್ಜಿಗಳಲ್ಲಿ ಒಂದು. ಗೋಥಿಕ್ ಶೈಲಿಯ ಈ ದೇವಾಲಯವನ್ನು ಕಟ್ಟಿದ್ದು 1890ರಲ್ಲಿ. ತೋಟಗಳ ನಡುವೆ ಅದು ಫಕ್ಕನೆ ಎದುರಾಗುವಾಗ ಯಾರಾದರೂ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಅಂದು ಒಳಗೆ ಗದ್ದಲವಿರಲಿಲ್ಲ. ಮಗ ತುದಿಗಾಲಲ್ಲಿ ನಿಂತು, ಎರಡು ಕಡ್ಡಿ ಕೆಡಿಸಿ, ಮೂರನೆಯದರಲ್ಲಿ ಮೇಣದಬತ್ತಿ ಹಚ್ಚಿದ. ಹೆಂಡತಿಯ ಹರಕೆ ತೀರಿತು.

ನಾವು ಕೂತು ಮಾತೆಯ ಏಳು ವ್ಯಾಕುಲಗಳನ್ನು ಧ್ಯಾನಿಸಿದೆವು. ಹಿಂದೆ ಎಷ್ಟೋ ಸಲ ಹೇಳಿದ ಪ್ರಾರ್ಥನೆ. ಅಂದು ಮಾತ್ರ ಒಂದು ವಿಷಯ ಕಣ್ಣಿಗೆ ಬಿತ್ತು. ಸಿಮೆಯೋನನ ಪ್ರವಾದನೆ, ಈಜಿಪ್ಟಿಗೆ ಪಲಾಯನ, ದೇವಾಲಯದಲ್ಲಿ ಬಾಲಯೇಸು ಕಾಣೆಯಾದದ್ದು, ಈ ಮೊದಲ ಮೂರು ವ್ಯಾಕುಲಗಳಲ್ಲಿಯೂ ಸಂತ ಜೋಸೆಫರು ಮರಿಯಮ್ಮನವರ ಪಕ್ಕದಲ್ಲಿಯೇ ಇದ್ದಾರೆ. ಶುಭಸಂದೇಶದಲ್ಲಿ ಅವರ ಬಾಯಿಂದ ಒಂದೇ ಒಂದು ಮಾತು ಬಂದಿಲ್ಲ. ಎದ್ದರು, ಮಗುವನ್ನೂ ತಾಯಿಯನ್ನೂ ಕರೆದುಕೊಂಡರು, ಹೊರಟರು, ಹುಡುಕಿದರು, ಇಷ್ಟೇ. ಮಾತೆಯ ವ್ಯಾಕುಲವನ್ನು ಅವರು ತೆಗೆದುಹಾಕಲಿಲ್ಲ, ತೆಗೆದುಹಾಕಲು ಅವರ ಕೈಯಲ್ಲಿ ಆಗುತ್ತಲೂ ಇರಲಿಲ್ಲ. ಪಕ್ಕ ಬಿಟ್ಟು ಹೋಗಲಿಲ್ಲ, ಅಷ್ಟೇ. 2020ರ ಡಿಸೆಂಬರ್ 8ರಿಂದ ಒಂದು ವರ್ಷವನ್ನು ಪೋಪ್ ಫ್ರಾನ್ಸಿಸ್‌ರವರು ಸಂತ ಜೋಸೆಫರಿಗೆ ಮೀಸಲಿಟ್ಟರು. ಆಗ ನಮ್ಮ ಮಗನಿಗೆ ಏಳು ತಿಂಗಳು ತುಂಬುತ್ತಿತ್ತು, ಅವನ ಜ್ಞಾನಸ್ನಾನದ ಹೆಸರಿನಲ್ಲಿ ಜೋಸೆಫ್ ಆಗಲೇ ಸೇರಿತ್ತು.

ಹಿಂದಿರುಗುವಾಗ ಅಜ್ಜಿ ಕೇಳಿದರು: “ಆಗ ಕಲಿತ ಅಡಿಗೆ ಈಗಲೂ ಮಾಡುವುದುಂಟಾ?” ಹೆಂಡತಿ ನಕ್ಕಳು. ಎಲ್ಲವೂ ಉಳಿದಿಲ್ಲ. ಅಂಗಡಿ ತೆರೆದ ಮೇಲೆ ಗಂಡ ಹಲವು ದಿನ ಮೊದಲಿನಂತೆಯೇ ಪತ್ರಿಕೆ ಹಿಡಿದು ಕೂತದ್ದೂ ಉಂಟು. ಆದರೆ ಬೆಳಗಿನ ಗಂಜಿ, ಮಕ್ಕಳ ಸ್ನಾನ, ಶನಿವಾರದ ಬಟ್ಟೆ ಇಂದಿಗೂ ಅವನವೇ. ಅದಕ್ಕಿಂತ ದೊಡ್ಡದು, “ಸಹಾಯ ಮಾಡುತ್ತೇನೆ” ಎಂಬ ಮಾತು ನಮ್ಮ ಮನೆಯಿಂದ ಹೊರಟುಹೋಗಿದೆ. ಸಹಾಯ ಮಾಡುವುದು ಬೇರೆಯವರ ಮನೆಯಲ್ಲಿ.

ನಿಮ್ಮ ವಾಳೆಯಲ್ಲಿ ಯಾರಾದರೂ ಕಷ್ಟದ ಬಸಿರಿನಲ್ಲಿ ಮಲಗಿದ್ದರೆ, ಹಣ್ಣು ಹಿಡಿದು ನೋಡಲು ಹೋಗುವಾಗ ಅಡಿಗೆಮನೆಯಲ್ಲಿರುವ ಗಂಡನನ್ನೂ ಒಮ್ಮೆ ಮಾತಾಡಿಸಿ. ಅವನನ್ನು ಹೊಗಳಬೇಕಾಗಿಲ್ಲ, ನಗಲೂ ಬೇಡಿ. “ಗಂಜಿಗೆ ಎಷ್ಟು ನೀರು ಹಾಕುತ್ತೀ?” ಎಂದು ಕೇಳಿದರೆ ಸಾಕು. ಅವನ ಪಕ್ಕದಲ್ಲಿ ಒಬ್ಬರು ನಿಂತಂತಾಗುತ್ತದೆ.

ಮನೆ ಸೇರುವಾಗ ಮಧ್ಯಾಹ್ನ ಒಂದೂವರೆ. ಬೆಳಿಗ್ಗೆಯೇ ಬೇಯಿಸಿಟ್ಟ ಅನ್ನ ಬಿಸಿಯಿತ್ತು, ಸಾರು ಬಡಿಸಿದವನು ಗಂಡ. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, “ಉಪ್ಪು ಸರಿಯಾಗಿದೆ” ಎಂದರು. ಶೋಕಮಾತೆಯೂ ಸಂತ ಜೋಸೆಫರೂ ನಿಮ್ಮ ಮನೆಗಳನ್ನು ಕಾಯಲಿ.